ಅದಿರಿನ ಲೆಕ್ಕ ಮೊದಲು, ಕಾಡಿನ ಲೆಕ್ಕ ಆಮೇಲೆ

ನಮ್ಮೂರು ಅತನೂರಿನ ಸುತ್ತಮುತ್ತ ಕಾಡಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ಈ ಮೂರೂ ತಾಲೂಕುಗಳನ್ನು ಬಸ್ಸಿನಲ್ಲಿ ಸುತ್ತಿದರೆ ಕಣ್ಣಿಗೆ ಬೀಳುವುದು ಎರೆ ಹೊಲ, ತೊಗರಿ, ಜೋಳ, ಭೀಮೆಯ ದಂಡೆಗೆ ಬಂದರೆ ಕಬ್ಬು. ಬದುವಿನ ಮೇಲೆ ಬೇವು, ಹಳ್ಳದ ಬದಿಗೆ ಬಳ್ಳಾರಿ ಜಾಲಿ. ಇಂಥ ಊರಲ್ಲಿ ಕೂತು ಹಳೆಯ ಕಾಡಿನ ಬಗ್ಗೆ ಬರೆಯಹೊರಟವನನ್ನು ‘ನಿನಗೇನಪ್ಪಾ ಗೊತ್ತು ಕಾಡಿನ ವಿಷಯ’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಾಡು ಗೊತ್ತಿಲ್ಲದಿದ್ದರೂ ನೆಲ ಅಗೆಯುವವರ ವ್ಯವಹಾರ ನಮ್ಮ ಕಲಬುರಗಿ ಜಿಲ್ಲೆಗೆ ಚೆನ್ನಾಗಿ ಗೊತ್ತು.

ಅಫಜಲಪುರ, ಆಳಂದದ ನೆಲದಡಿ ಇರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು. ನಮ್ಮ ಎರೆ ಮಣ್ಣು ಹುಟ್ಟಿದ್ದು ಅದರಿಂದಲೇ. ಜೇವರ್ಗಿ ದಾಟಿ ಪೂರ್ವಕ್ಕೆ ಹೋದಂತೆ ಆ ಹೊದಿಕೆ ಮುಗಿದು ಅದಕ್ಕಿಂತ ಬಹಳ ಹಳೆಯ ಸುಣ್ಣದ ಕಲ್ಲು ಮೇಲೆ ಬರುತ್ತದೆ. ಶಹಾಬಾದದ ಫರ್ಸಿ ಕಲ್ಲು ಅದೇ. ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿನ ಮೇಲೆಯೇ. ಅದೇ ಕಲ್ಲಿನ ಪಟ್ಟಿ ದಕ್ಷಿಣಕ್ಕೆ ಶಹಾಪುರ ತಾಲೂಕಿನ ಗೋಗಿ ಮುಟ್ಟಿದಾಗ ಅದರಲ್ಲಿ ಯುರೇನಿಯಂ ಸಿಕ್ಕಿತು. ಇನ್ನು ಭೀಮೆಯ ಉಸುಕಿನ ಕತೆ ಯಾರಿಗೆ ಗೊತ್ತಿಲ್ಲ? 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಉಸುಕಿನ ಟ್ರ್ಯಾಕ್ಟರ್ ತಡೆಯಲು ಹೋದ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದೇ ಟ್ರ್ಯಾಕ್ಟರ್ ಹಾಯ್ದು ಸತ್ತರು. ನೆಲದಿಂದ ತೆಗೆದ ವಸ್ತುವಿಗೆ ಬೆಲೆ ಬಂದ ಮೇಲೆ ಅದನ್ನು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಕಿಲ್ಲ.

ಕಾಡು ಮತ್ತು ಖನಿಜದ ಚರ್ಚೆ ಕರ್ನಾಟಕದಲ್ಲಿ ಐವತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ಆದರೆ ಬಹುಪಾಲು ಜಗಳ ಗಣಿಯದು. ಗಣಿಗೆ ಮೊದಲು ನಡೆಯುವ ಶೋಧದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ‘ಬರೇ ನೋಡ್ತಾರೆ, ನೋಡಿದರೆ ಏನು ಕಳೆದುಹೋಗ್ತದೆ?’ ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇರುವುದು ಅಲ್ಲಿಯೇ.

ಶೋಧದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಸರ್ಕಾರಿ ಭಾಷೆಯಲ್ಲಿ ಅದಕ್ಕೆ ನಾಲ್ಕು ಹಂತ: ಜಿ4, ಜಿ3, ಜಿ2, ಜಿ1. ಮೊದಲ ಹಂತದಲ್ಲಿ ನಕ್ಷೆ, ಕಲ್ಲು-ಮಣ್ಣಿನ ಮಾದರಿ, ಹಳ್ಳದ ಮರಳಿನ ಪರೀಕ್ಷೆ, ವಿಮಾನದಿಂದ ಭೂಮಿಯ ಕಾಂತತ್ವದ ಅಳತೆ. ಇದರಲ್ಲಿ ಬಹುಮಟ್ಟಿಗೆ ಒಂದು ಟೊಂಗೆಯೂ ಮುರಿಯಬೇಕಾಗಿಲ್ಲ. ಎರಡನೆಯದರಲ್ಲಿ ಕಾಲುವೆಯಂಥ ತೋಡು, ಅಲ್ಲೊಂದು ಇಲ್ಲೊಂದು ಬೋರು. ಆಮೇಲಿನ ಎರಡು ಹಂತಗಳಲ್ಲಿ ಚೌಕ ಚೌಕವಾಗಿ ಗುರುತು ಹಾಕಿ ಸಾಲಾಗಿ ಕೊರೆಯುತ್ತಾರೆ. ವಜ್ರದ ಹಲ್ಲಿನ ಕೊಳವೆ ಕಲ್ಲನ್ನು ಸೀಳಿಕೊಂಡು ಇಳಿದು, ಕೋಲಿನಂಥ ಕಲ್ಲಿನ ತುಂಡುಗಳನ್ನು ಮೇಲೆ ತರುತ್ತದೆ. ಅವನ್ನು ಎಷ್ಟು ಮೀಟರ್ ಆಳದ್ದೆಂದು ಬರೆದು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಅರ್ಧ ಸೀಳಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊನೆಗೆ ಒಂದು ವರದಿ ಬರುತ್ತದೆ: ಇಷ್ಟು ಟನ್ ಅದಿರು, ಇಷ್ಟು ಶೇಕಡಾ ಲೋಹ.

ಕೊರೆತದ ಗಾಯ ಚಿಕ್ಕದು ಎನ್ನುವ ಭೂವಿಜ್ಞಾನಿಯ ಮಾತು ಬಹುಮಟ್ಟಿಗೆ ನಿಜ. ತೂತಿನ ಅಗಲ ಕೆಲವೇ ಇಂಚು. ಕಾಡಿಗೆ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಯಂತ್ರ ಒಯ್ಯಲು ಮಾಡುವ ದಾರಿ. ದಾರಿ ಬಿದ್ದಲ್ಲಿ ಬಿಸಿಲು ಬೀಳುತ್ತದೆ, ಬಿಸಿಲು ಬಿದ್ದಲ್ಲಿ ಲಂಟಾನ ಬರುತ್ತದೆ, ಅದರ ಹಿಂದೆ ನಾಟಾ ಕಡಿಯುವವರೂ ಬರುತ್ತಾರೆ. ಆದರೂ ಆ ದಾರಿ ಕೈಬಿಟ್ಟರೆ ಕಾಡು ಅದನ್ನು ಕೆಲವು ದಶಕಗಳಲ್ಲಿ ಮುಚ್ಚಿಕೊಂಡೀತು. ಮುಚ್ಚಿಹೋಗದಿರುವುದು ವರದಿಯಲ್ಲಿ ಬರೆದ ಅಂಕಿ.

ಬೋರು ಹೊಡೆಸಿ ನೀರು ಬಿದ್ದ ಮೇಲೆ ಮೋಟಾರು ಇಳಿಸದೆ ಬಿಟ್ಟ ರೈತನನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ. ಸಾಲ ಮಾಡಿ ಹೊಡೆಸಿದ ಬೋರು ಅದು. ಎರಡಿಂಚು ನೀರು ಬಿದ್ದಿದೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ‘ಅಂತರ್ಜಲ ಉಳಿಯಲಿ’ ಎಂದು ಬಾಯಿ ಮುಚ್ಚಿ ಕೂರುವವನು ಯಾರು? ನೀರು ಎತ್ತಬೇಕೋ ಬೇಡವೋ ಎಂಬ ತೀರ್ಮಾನ ಬೋರಿನ ಗಾಡಿ ಹೊಲಕ್ಕೆ ಬಂದ ದಿನವೇ ಆಗಿಹೋಗಿರುತ್ತದೆ. ಅದಿರಿನ ವಿಷಯದಲ್ಲೂ ಹೀಗೆಯೇ ನಡೆದುಬಂದಿದೆ ಎಂಬುದಕ್ಕೆ ಕುದುರೆಮುಖಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕುದುರೆಮುಖದ ಕಬ್ಬಿಣದ ಅದಿರನ್ನು ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್, 1913ರಲ್ಲಿ. ಅಂದಿನಿಂದ ಅದು ದಾಖಲೆಯಲ್ಲಿತ್ತು. ಅದಿರಿನಲ್ಲಿ ಕಬ್ಬಿಣದ ಪಾಲು ಶೇಕಡಾ 40ಕ್ಕಿಂತ ಕಡಿಮೆ. ಬಳ್ಳಾರಿಯ ಅದಿರಿನ ಮುಂದೆ ಬಡ ಸರಕು. ಹೀಗಾಗಿ ಐವತ್ತು ವರ್ಷ ಯಾರೂ ಅದರ ತಂಟೆಗೆ ಹೋಗಲಿಲ್ಲ. 1960ರ ದಶಕದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ಕೊರೆದು ಅಳೆಯಿತು; ಜಪಾನಿನ, ಅಮೆರಿಕದ ಕಂಪನಿಗಳು ಬಂದು ನೋಡಿದವು. 1969ರಲ್ಲಿ 30 ವರ್ಷದ ಗುತ್ತಿಗೆ ಕೊಟ್ಟಾಯಿತು. ವಿಸ್ತೀರ್ಣ 4,604 ಹೆಕ್ಟೇರ್. ಎಣ್ಣೆಯ ಹಣ ಕೈತುಂಬ ಇದ್ದ ಇರಾನಿನ ಶಾ 63 ಕೋಟಿ ಡಾಲರ್ ಸಾಲ ಕೊಡಲು, ಅದಿರು ಕೊಳ್ಳಲು ಒಪ್ಪಿದ ಮೇಲೆ 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾರ್ಖಾನೆ ಎದ್ದು ನಿಲ್ಲುವ ಹೊತ್ತಿಗೆ, 1979ರಲ್ಲಿ, ಶಾ ಸಿಂಹಾಸನದಿಂದ ಇಳಿದಿದ್ದ. ಕೊಳ್ಳುವವನಿಲ್ಲದ ಗಣಿ 1980ರಲ್ಲಿ ಶುರುವಾಯಿತು. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬುತ್ತಿತ್ತು.

ಈಗ ಕಾಡಿನ ಲೆಕ್ಕ ಯಾವಾಗ ಶುರುವಾಯಿತು ನೋಡಿ. ಕೆ. ಉಲ್ಲಾಸ ಕಾರಂತರು ಕರ್ನಾಟಕದ ಮಳೆಕಾಡುಗಳಲ್ಲಿ ಸಿಂಗಳೀಕದ ಸ್ಥಿತಿಗತಿಯ ಸಮೀಕ್ಷೆ ಮಾಡಿ ವರದಿ ಪ್ರಕಟಿಸಿದ್ದು 1980ರ ದಶಕದ ನಡುವೆ. ಆಗ ಗಣಿ ಭರದಿಂದ ನಡೆಯುತ್ತಿತ್ತು. ಆ ಕೋತಿಗೆ ಬೇಕಾದ, ವರ್ಷವಿಡೀ ಹಣ್ಣು ಸಿಗುವ, ಮರದಿಂದ ಮರಕ್ಕೆ ನೆಲ ಮುಟ್ಟದೆ ದಾಟಬಹುದಾದ ದೊಡ್ಡ ಕಾಡು ಕುದುರೆಮುಖದಲ್ಲಿದೆ ಎಂದು ಆ ಸಮೀಕ್ಷೆಯಿಂದ ತಿಳಿಯಿತು. 1987ರಲ್ಲಿ 600 ಚದರ ಕಿಲೋಮೀಟರಿನಷ್ಟು ಪ್ರದೇಶ ರಾಷ್ಟ್ರೀಯ ಉದ್ಯಾನವಾಗುವ ದಾರಿ ಹಿಡಿಯಿತು. ಕೊನೆಯ ಅಧಿಸೂಚನೆ ಬಂದದ್ದು 2001ರಲ್ಲಿ. ಗುತ್ತಿಗೆಯ ಅವಧಿ 1999ಕ್ಕೇ ಮುಗಿದಿತ್ತು. ಭದ್ರಾ ನದಿಯ ಹೂಳಿನ ಅಳತೆಯಂತೂ ಇನ್ನೂ ತಡವಾಗಿ ಬಂತು. ಜಲಾನಯನದಲ್ಲಿ ಸಣ್ಣ ಪಾಲಷ್ಟೇ ಇದ್ದ ಗಣಿ ಪ್ರದೇಶದಿಂದ ನದಿಯ ಹೂಳಿನ ಅರ್ಧಕ್ಕಿಂತ ಹೆಚ್ಚು ಬರುತ್ತಿದೆ ಎಂದು ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾದದ್ದು 2006ರಲ್ಲಿ, ಗಣಿ ಮುಚ್ಚಿದ ಮೇಲೆ.

ವರ್ಷಕ್ಕೆ 6,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಗುಡ್ಡವನ್ನು ಅಗೆದರೆ ಮಣ್ಣು ಹೊಳೆಗೆ ಬರುತ್ತದೆ ಎಂದು ತಿಳಿಯಲು 93 ವರ್ಷ ಬೇಕಿತ್ತೇ? ಬೇಕಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ. ವನ್ಯಜೀವಿ ಕಾರ್ಯಕರ್ತರು ಸುಪ್ರೀಂ ಕೋರ್ಟಿಗೆ ಹೋಗಿ, ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅಷ್ಟರಲ್ಲಿ ಗುಡ್ಡದ ಮೇಲೊಂದು ಊರು ಬೆಳೆದಿತ್ತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಇದ್ದ ಆ ಊರಿನ ಜನರೂ ಕದಲಬೇಕಾಯಿತು. ಮೊದಲೇ ಬೇಡ ಎಂದಿದ್ದರೆ ಆಗುತ್ತಿದ್ದ ನಷ್ಟ ಮತ್ತು 25 ವರ್ಷ ನಡೆಸಿ ಬೇಡ ಎಂದಾಗ ಆದ ನಷ್ಟ, ಇವೆರಡನ್ನು ಪಕ್ಕಪಕ್ಕ ಇಟ್ಟು ಯಾರಾದರೂ ಹೋಲಿಸಿ ನೋಡಿದ್ದು ನನಗೆ ಗೊತ್ತಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಗಣಿ ಕಳೆದುಕೊಂಡ ಕಂಪನಿ ಅದಿರಿನ ಉಂಡೆ ಕಟ್ಟುವ ತನ್ನ ಮಂಗಳೂರಿನ ಕಾರ್ಖಾನೆಗೆ ಹೊರಗಿನಿಂದ ಅದಿರು ತರಿಸಿಕೊಳ್ಳುತ್ತ, ಬೇರೆ ಗುಡ್ಡ ಕೇಳುತ್ತ ಬಂತು. ಕೊನೆಗೆ ಅದಕ್ಕೆ ತೋರಿಸಿದ್ದು ಬಳ್ಳಾರಿ ಜಿಲ್ಲೆಯ ಸಂಡೂರಿನ ದೇವದಾರಿ ಸಾಲು. ಸುಮಾರು 400 ಹೆಕ್ಟೇರ್ ಅರಣ್ಯ, ಎಣಿಸಿದ ಮರ 99 ಸಾವಿರಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರಾಗಿ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದ್ದು ಸುದ್ದಿಯಾಯಿತು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ, ನಮ್ಮ ಪಕ್ಕದ ಬೀದರ ಜಿಲ್ಲೆಯ ಈಶ್ವರ ಖಂಡ್ರೆ, ಕುದುರೆಮುಖದಲ್ಲಿ ಮಾಡಿದ ಹಾನಿಯ ಬಾಕಿ ತೀರಿಸುವವರೆಗೆ ಜಾಗ ಒಪ್ಪಿಸಬಾರದೆಂದು ಇಲಾಖೆಗೆ ಸೂಚಿಸಿದರು. ಇದರಲ್ಲಿ ರಾಜಕೀಯ ಎಷ್ಟು, ಕಾಡಿನ ಕಾಳಜಿ ಎಷ್ಟು ಎಂದು ಓದುಗರೇ ತೂಗಿಕೊಳ್ಳಲಿ. ಒಂದು ಕಾಡಿನ ಗಣಿ ನಿಲ್ಲಿಸಿದ ತೀರ್ಪಿನ ಬೆಲೆಯನ್ನು ಇನ್ನೊಂದು ಕಾಡಿನ ಮೇಲೆ ಹಾಕಲು ಹೊರಟಿದ್ದರು ಎಂಬುದು ಮಾತ್ರ ಎದ್ದು ಕಾಣುತ್ತದೆ.

ಸಂಡೂರಿನ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಲೆಕ್ಕ ಹಾಕಿತು, ಆಗಿನ ಮುಖ್ಯಮಂತ್ರಿಯ ಹುದ್ದೆ ಹೋಯಿತು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸಿತು. ನನ್ನ ವಾದಕ್ಕೆ ಬೇಕಾದ ಸಂಗತಿ ಬೇರೆ. ಬಳ್ಳಾರಿಯ ಗುಡ್ಡಗಳು ಎಷ್ಟು ಗಣಿಗಾರಿಕೆ ತಡೆದುಕೊಳ್ಳಬಲ್ಲವು ಎಂಬ ಲೆಕ್ಕವನ್ನು ಕೋರ್ಟು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿಗೆ ಒಪ್ಪಿಸಿದ್ದು 2011ರಲ್ಲಿ. ಆದರೆ ಅಲ್ಲಿನ ದೋಣಿಮಲೈ ಗಣಿ ಶುರುವಾದದ್ದು 1977ರಲ್ಲಿ. ಸಂಡೂರಿನ ಮ್ಯಾಂಗನೀಸ್ ಗಣಿ ಅದಕ್ಕೂ ಹಳೆಯದು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಸಾಕು, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್ ಸಾಕು ಎಂಬ ಮಿತಿ ಹಾಕಿದರು. 2022ರಲ್ಲಿ ಅದೇ ಮಿತಿ ಒಟ್ಟು 5 ಕೋಟಿ ಟನ್‌ಗೆ ಏರಿತು. ಅದಿರಿನ ಲೆಕ್ಕ ಅಂಕೆಯಿಂದ ಅಂಕೆಗೆ ಬೆಳೆಯುವುದು ಹೀಗೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಗದಗಿನ ಕಪ್ಪತಗುಡ್ಡ. ಮಲೆನಾಡಿನವರು ಅದನ್ನು ನೋಡಿ ‘ಇದೂ ಕಾಡೇ?’ ಎಂದಾರು. ಕುರುಚಲು, ಹುಲ್ಲು, ಒಣ ಮರ, ಗಾಳಿಯಂತ್ರ. ಆದರೆ ನಮ್ಮಂಥ ಬಯಲುಸೀಮೆಯವರಿಗೆ ಅದು ಔಷಧಿಯ ಗುಡ್ಡ. ಸುತ್ತಲಿನ ವೈದ್ಯರಿಗೆ, ಮಠಗಳಿಗೆ, ಕುರಿಗಾರರಿಗೆ ಯಾವ ಇಳಿಜಾರಿನಲ್ಲಿ ಯಾವ ಬೇರು ಎಂದು ತಲೆಮಾರುಗಳಿಂದ ಗೊತ್ತು. ಅದರ ಹೊಟ್ಟೆಯಲ್ಲಿ ಚಿನ್ನವೂ ಇದೆ, ಕಬ್ಬಿಣವೂ ಇದೆ. 2015ರ ಡಿಸೆಂಬರ್‌ನಲ್ಲಿ ಸರ್ಕಾರ 178 ಚದರ ಕಿಲೋಮೀಟರನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರ ನವೆಂಬರ್‌ನಲ್ಲಿ ಅದನ್ನು ಹಿಂದೆಗೆದುಕೊಂಡಿತು. ಚಿನ್ನದ ಗಣಿಯ ಪ್ರಸ್ತಾಪ ಆಗ ಬಾಗಿಲಲ್ಲೇ ನಿಂತಿತ್ತು. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು. ಪೋಸ್ಕೊ ಉಕ್ಕಿನ ಕಾರ್ಖಾನೆಯನ್ನು 2011ರಲ್ಲಿ ಗದಗಿನಿಂದ ಹಿಂದಕ್ಕೆ ಕಳಿಸಿದ ಹೋರಾಟದ ಮುಂದಾಳೂ ಅವರೇ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ, ಏಪ್ರಿಲ್‌ನಲ್ಲಿ ಮತ್ತೆ ಸಂರಕ್ಷಿತ ಪ್ರದೇಶ, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮ. ಸ್ವಾಮೀಜಿ ಅದನ್ನು ನೋಡಲು ಉಳಿಯಲಿಲ್ಲ. 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು.

ಕಪ್ಪತಗುಡ್ಡ ಗೆದ್ದಿತು, ಕುದುರೆಮುಖ 25 ವರ್ಷ ಸೋತಿತು. ಕಾರಣ ಹುಡುಕಿದರೆ ಕಾಡಿನ ದಟ್ಟಣೆಯಲ್ಲಿ ಸಿಗುವುದಿಲ್ಲ. ದಟ್ಟಣೆಯನ್ನೇ ನೋಡಿದರೆ ಕುದುರೆಮುಖದ ಮುಂದೆ ಕಪ್ಪತಗುಡ್ಡ ಏನೂ ಅಲ್ಲ. ಅಲ್ಲಿ ಗುಡ್ಡದ ಲೆಕ್ಕ ಅದಿರಿನ ಲೆಕ್ಕಕ್ಕಿಂತ ಮೊದಲೇ ಜನರ ಬಾಯಲ್ಲಿ ಸಿದ್ಧವಾಗಿತ್ತು. ಕಂಪನಿಯ ವರದಿ ಬಂದಾಗ ಎದುರಿಗೆ ಇನ್ನೊಂದು ವರದಿ ಇತ್ತು, ಕಾಗದದ ಮೇಲೆ ಇಲ್ಲದಿದ್ದರೂ.

ಕಾಗದದ ಮೇಲೆ ಹಳೆಯ ಕಾಡಿನ ಬೆಲೆ ಎಷ್ಟು? ಅರಣ್ಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡುವಾಗ ಕಟ್ಟಿಸಿಕೊಳ್ಳುವ ‘ನಿವ್ವಳ ವರ್ತಮಾನ ಮೌಲ್ಯ’ ಎಂಬ ದರವೊಂದಿದೆ. ಅತ್ಯುತ್ತಮ ದರ್ಜೆಯ ಅತಿ ದಟ್ಟ ಕಾಡಿಗೆ 2008ರಲ್ಲಿ ಹೆಕ್ಟೇರಿಗೆ 10.43 ಲಕ್ಷ ರೂಪಾಯಿ. 2022ರಲ್ಲಿ ಅದು 15.95 ಲಕ್ಷ ಆಯಿತು. ಎಕರೆಗೆ ಇಳಿಸಿದರೆ ಆರೂವರೆ ಲಕ್ಷಕ್ಕೂ ಕಡಿಮೆ. ಭೀಮೆಯ ದಂಡೆಯಲ್ಲಿ ನೀರಾವರಿ ಹೊಲ ಆ ದರಕ್ಕೆ ಕೊಡಿ ಎಂದು ಕೇಳಿದರೆ ಚಹಾ ಕುಡಿಸಿ ಕಳಿಸಿಯಾರು. ಕಾಡು ತೆಳುವಾದಷ್ಟೂ ದರ ಇಳಿಯುತ್ತದೆ. ಹುಲ್ಲುಗಾವಲಿಗಂತೂ ಮರವೇ ಇಲ್ಲ. ಕುದುರೆಮುಖದ ಶೋಲಾ ಕಾಡಿನ ಕಣಿವೆಗಳ ನಡುವಿನ ಹುಲ್ಲಿನ ಬೆಟ್ಟಗಳು ಕಾಡಿನಷ್ಟೇ ಹಳೆಯವು, ಮಳೆನೀರನ್ನು ಹೀರಿ ಹಿಡಿದು ತುಂಗೆ, ಭದ್ರೆ, ನೇತ್ರಾವತಿಗೆ ಬಿಡುವುದರಲ್ಲಿ ಅವುಗಳ ಪಾಲು ದೊಡ್ಡದು. ಮರ ಎಣಿಸುವ ಪದ್ಧತಿಯಲ್ಲಿ ಅವಕ್ಕೆ ಸೊನ್ನೆ.

ಪರಿಹಾರವಾಗಿ ಬೇರೆ ಕಡೆ ಸಸಿ ನೆಡುವ ನಿಯಮದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ನಿಂತ ನೀರಿನಲ್ಲಿ ಬೇರನ್ನು ಮೇಲೆತ್ತಿ ಉಸಿರಾಡುವ ಮರಗಳಿವೆ. ಅಂಥದ್ದನ್ನು ನಮ್ಮ ಗೋಮಾಳದಲ್ಲಿ ಗುಂಡಿ ತೋಡಿ ನೆಟ್ಟು ತೋರಿಸಿದರೆ ಆಗ ಮಾತಾಡೋಣ.

ಹಣದ ವಿಷಯದಲ್ಲಿ ಒಂದು ವಿಚಿತ್ರವನ್ನು ಮಾತ್ರ ಹೇಳಲೇಬೇಕು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ರಾಷ್ಟ್ರೀಯ ಖನಿಜ ಅನ್ವೇಷಣಾ ಟ್ರಸ್ಟ್ ಹುಟ್ಟಿತು. ಗಣಿಯವರು ರಾಜಧನದ ಮೇಲೆ ಶೇಕಡಾ 2ರಷ್ಟನ್ನು ಅದಕ್ಕೆ ಕೊಡಬೇಕೆಂದು ಆಗ ನಿಯಮವಾಯಿತು. ಅದು ಹುಟ್ಟಿದ್ದೇ ಹೊಸ ಅದಿರು ಹುಡುಕಿಸಲು. ಕಾಡಿನ ಪಾಲಿಗೆ ಇರುವ ದೊಡ್ಡ ನಿಧಿ ‘ಕಾಂಪಾ’, 2016ರ ಕಾಯ್ದೆಯದು. ಅದಕ್ಕೆ ಹಣ ಬರುವುದು ಕಾಡಿನ ಜಾಗ ಬಿಟ್ಟುಕೊಟ್ಟಾಗ. ಅಂದರೆ ಅದಿರನ್ನು ಹುಡುಕುವ ಮೊದಲೇ ಅದರ ಹೆಸರಲ್ಲಿ ದುಡ್ಡು ಹುಟ್ಟುತ್ತದೆ. ಕಾಡಿನ ಹೆಸರಲ್ಲಿ ದುಡ್ಡು ಹುಟ್ಟಬೇಕಾದರೆ ಒಂದು ಕಾಡು ಹೋಗಬೇಕು. ಇಂಥ ತಕ್ಕಡಿಯಲ್ಲಿ ತೂಗಿ ‘ಸಮತೋಲನ’ ಸಾಧಿಸಿದೆವು ಎಂದು ಹೇಳುವ ಅಧಿಕಾರಿಗಳ ಧೈರ್ಯ ದೊಡ್ಡದು.

ಕಾಯ್ದೆ ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕೇಂದ್ರ ಹಾಕುವ ಷರತ್ತುಗಳಿಗೆ ಒಳಪಟ್ಟು, ಖನಿಜ ಶೋಧ ಮತ್ತು ಸಮೀಕ್ಷೆಗಳು ‘ಅರಣ್ಯೇತರ’ ಕೆಲಸ ಎನಿಸಿಕೊಳ್ಳುವುದಿಲ್ಲ. ಅದೇ ವರ್ಷ ಗಣಿ ಕಾಯ್ದೆಯೂ ಬದಲಾಗಿ, ಲಿಥಿಯಂ ಸೇರಿ ಆರು ಖನಿಜಗಳು ಅಣು ಖನಿಜಗಳ ಪಟ್ಟಿಯಿಂದ ಹೊರಬಂದವು. 29 ಖನಿಜಗಳಿಗೆ ಖಾಸಗಿಯವರೂ ಶೋಧದ ಪರವಾನಗಿ ಪಡೆಯುವ ದಾರಿ ತೆರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಣು ಖನಿಜ ಮತ್ತು ಆಯಕಟ್ಟಿನ ಖನಿಜಗಳ ಗಣಿಗಳಿಗೆ ಊರವರ ಅಹವಾಲು ಕೇಳುವ ಸಭೆಯಿಂದಲೂ ವಿನಾಯಿತಿ ಕೊಟ್ಟರು. ಗೋಗಿಯವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಅಲ್ಲಿ ಅಣು ಖನಿಜ ನಿರ್ದೇಶನಾಲಯದವರು 1990ರ ದಶಕದಿಂದ ಕೊರೆದರು, ಯುರೇನಿಯಂ ನಿಗಮದವರು ನೆಲದೊಳಗೆ ಸುರಂಗ ಇಳಿಸಿ ಪರೀಕ್ಷಿಸಿದರು. ಬಾವಿನೀರಿನ ಭಯ ಮಾತ್ರ ಊರವರ ಪಾಲಿಗೆ ಉಳಿಯಿತು. ಕಾಡಿಲ್ಲದ ಗೋಗಿಯಲ್ಲಿ ಹೀಗಾದರೆ, ಮಾತಾಡುವ ಜನರೇ ಇಲ್ಲದ ಕಾಡಿನಲ್ಲಿ ಕೇಳುವವರು ಯಾರು?

ಎದುರು ಪಕ್ಷದ ಮಾತಿಗೂ ಬಲವಿದೆ. ಅದನ್ನು ತಳ್ಳಿಹಾಕಿದರೆ ಈ ಬರಹಕ್ಕೆ ಅರ್ಥವಿಲ್ಲ. ನೆಲದಡಿ ಏನಿದೆ ಎಂದೇ ಗೊತ್ತಿಲ್ಲದೆ ತೂಗುವುದು ಹೇಗೆ ಎನ್ನುತ್ತಾರೆ ಅವರು. ಬ್ಯಾಟರಿಗೆ, ಸೋಲಾರ್‌ಗೆ, ಗಾಳಿಯಂತ್ರಕ್ಕೆ ಖನಿಜ ಬೇಕು. ಕಲ್ಲಿದ್ದಲು ಬಿಡಬೇಕೆಂದರೆ ಲಿಥಿಯಂ, ತಾಮ್ರ, ನಿಕ್ಕಲ್ ಎಲ್ಲಿಂದಲಾದರೂ ಬರಬೇಕು. ನಾವು ಅಗೆಯದಿದ್ದರೆ ಕಾಂಗೋದಲ್ಲೋ ಇಂಡೋನೇಷ್ಯಾದಲ್ಲೋ ಯಾರದೋ ಕಾಡು ಹೋಗುತ್ತದೆ. ಕೊನೆಯ ಮಾತು ನನ್ನನ್ನು ನಿಜವಾಗಿ ಕಾಡಿದೆ. ಕಬ್ಬಿಣದ ಕುಂಟೆ, ಸಿಮೆಂಟಿನ ಮನೆ, ತಾಮ್ರದ ಸುರುಳಿಯ ಮೋಟಾರು ಇಟ್ಟುಕೊಂಡ ನಾವು ಗಣಿಯೇ ಬೇಡ ಎಂದರೆ ಅದು ಬೂಟಾಟಿಕೆ.

ಆದರೆ ಶೋಧದ ಅಂಕಿಗಳ ಮೇಲೆ ಇಟ್ಟ ನಂಬಿಕೆಯನ್ನೂ ಸ್ವಲ್ಪ ಅಲುಗಿಸಿ ನೋಡಬೇಕು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಭಾಗದಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಸರ್ಕಾರ ಹೇಳಿದ್ದು 1,600 ಟನ್, ಅದೂ ಊಹೆಯ ದರ್ಜೆಯದು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರು ಎಂದು 2023ರಲ್ಲಿ ದೇಶವೇ ಸಂಭ್ರಮಿಸಿತು. ಹರಾಜಿಗೆ ಇಟ್ಟಾಗ ಸಾಕಷ್ಟು ಬಿಡ್‌ದಾರರೇ ಬರಲಿಲ್ಲ. ಇತ್ತ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಉಳಿದ ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣು ಬಿದ್ದಿದೆ. ಅದರಿಂದ ಚಿನ್ನ ತೆಗೆಯಲು ರಾಜ್ಯ ಸರ್ಕಾರ ಒಪ್ಪಿದ್ದು 2024ರಲ್ಲಿ. ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದಿನವರು ಬಿಟ್ಟ ಕುಳಿಗಳ ಕೆಳಗೇ ಇಂದಿಗೂ ಸುರಂಗದಲ್ಲಿ ಚಿನ್ನ ತೆಗೆಯುತ್ತಿದ್ದಾರೆ. ಮುಟ್ಟಿದ ನೆಲದಲ್ಲೇ ಇಷ್ಟು ಉಳಿದಿರುವಾಗ ಮುಟ್ಟದ ಕಾಡಿಗೆ ಹೋಗುವ ಅವಸರ ಯಾಕೆ?

ಉದ್ಯೋಗದ ವಾದಕ್ಕೆ ಉತ್ತರ ನಮ್ಮ ಜಿಲ್ಲೆಯೇ. ದೇಶದ ದೊಡ್ಡ ಸಿಮೆಂಟು ಕಾರ್ಖಾನೆಗಳಲ್ಲಿ ಕೆಲವು ಇಲ್ಲೇ ಇವೆ. ಆದರೂ ಸುಗ್ಗಿ ಮುಗಿದೊಡನೆ ಮುಂಬೈಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುವವರ ಸಾಲು ನಿಂತಿಲ್ಲ. ನಮ್ಮ ಕಲ್ಲಿನ ಸಿಮೆಂಟಿನಿಂದ ಅವರು ಅಲ್ಲಿ ಬೇರೆಯವರ ಮನೆ ಕಟ್ಟುತ್ತಾರೆ.

ಹಾಗಾದರೆ ಏನು ಮಾಡಬೇಕು? ಮೊದಲೇ ಗೆರೆ ಎಳೆಯುವ ಪ್ರಯತ್ನ ಈ ದೇಶದಲ್ಲಿ ಒಮ್ಮೆ ಆಗಿತ್ತು. ಜೈರಾಂ ರಮೇಶ್ ಪರಿಸರ ಸಚಿವರಾಗಿದ್ದಾಗ, ಸುಮಾರು 2010ರಲ್ಲಿ, ಒಂಬತ್ತು ಕಲ್ಲಿದ್ದಲು ಪ್ರದೇಶಗಳ ಕಾಡನ್ನು ನೋಡಿ ‘ಇಲ್ಲಿ ಹೋಗಬಾರದು’ ಎಂಬ ಪಟ್ಟಿ ಮಾಡಿದರು. ಛತ್ತೀಸಗಡದ ಹಸದೇವ್ ಅರಣ್ಯ ಅದರಲ್ಲಿತ್ತು. ಮರುವರ್ಷವೇ ಅಲ್ಲಿ ಗಣಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಕೊಟ್ಟವರೂ ಅದೇ ಸಚಿವರು. ಯಾಕೆಂದರೆ ಅಲ್ಲಿನ ಕಲ್ಲಿದ್ದಲು ಎಷ್ಟಿದೆ ಎಂದು ಅಳೆದಾಗಿತ್ತು, ನಿಕ್ಷೇಪ ಹಂಚಿಯಾಗಿತ್ತು. ಅಂಕಿ ಮೊದಲು ಬಂದು ಗೆರೆ ಆಮೇಲೆ ಬಂದರೆ ಗೆರೆ ನಿಲ್ಲುವುದಿಲ್ಲ. ನಿಂತದ್ದು ಒಡಿಶಾದ ನಿಯಮಗಿರಿಯಲ್ಲಿ. ಸುಪ್ರೀಂ ಕೋರ್ಟು ಅಲ್ಲಿನ ಡೋಂಗ್ರಿಯಾ ಕೋಂಧ ಆದಿವಾಸಿಗಳ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಹನ್ನೆರಡಕ್ಕೆ ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದವು. ಆ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು. ಬಳ್ಳಾರಿಯ ‘ಸಿ’ ದರ್ಜೆಯ, ಅಂದರೆ ಅತಿ ಹೆಚ್ಚು ಅಕ್ರಮ ಕಂಡ, ಗಣಿ ಗುತ್ತಿಗೆಗಳನ್ನು ರದ್ದು ಮಾಡಿದ ತೀರ್ಪೂ ಅದೇ ದಿನದ್ದು. ಇನ್ನೂ ದೂರ ಹೋದರೆ ಈಕ್ವೆಡಾರ್ ದೇಶದ ಯಾಸುನಿ ಕಾಡಿನ ಎಣ್ಣೆಯನ್ನು ನೆಲದಲ್ಲೇ ಬಿಡಬೇಕೆಂದು 2023ರ ಆಗಸ್ಟ್‌ನಲ್ಲಿ ಅಲ್ಲಿನ ಮತದಾರರಲ್ಲಿ ಶೇಕಡಾ 59ರಷ್ಟು ಜನ ಮತ ಹಾಕಿದರು. ಆದರೆ ಅಲ್ಲೂ ಎಣ್ಣೆ ತೆಗೆಯಲು ಶುರುಮಾಡಿಯಾಗಿತ್ತು. ನಿಲ್ಲಿಸುವ ಕೆಲಸ ಎಳೆಯುತ್ತ ಹೋಯಿತು.

ನನ್ನ ಅಭಿಪ್ರಾಯ ಇಷ್ಟು. ಘಟ್ಟದ ನಿತ್ಯಹಸಿರು ಕಾಡು, ಶೋಲಾ ಮತ್ತು ಅದರ ಹುಲ್ಲುಬೆಟ್ಟ, ರಾಮಪತ್ರೆ ಜಡ್ಡಿ, ಬಯಲುಸೀಮೆಯಲ್ಲಿ ಉಳಿದ ಬೆರಳೆಣಿಕೆಯ ಹಳೆಯ ಗುಡ್ಡಗಳು, ಇಲ್ಲಿಗೆ ಬೋರಿನ ಯಂತ್ರವೇ ಹೋಗಬಾರದು. ವಿಮಾನದಿಂದ ಅಳೆಯಲಿ, ನಕ್ಷೆ ಬರೆಯಲಿ, ಅಡ್ಡಿಯಿಲ್ಲ. ಜಿ4ರಲ್ಲೇ ಕೆಲಸ ಮುಗಿಯಲಿ. ಉಳಿದ ಅರಣ್ಯದಲ್ಲಿ ಶೋಧ ಮಾಡುವುದಾದರೆ ಖನಿಜದ ಟ್ರಸ್ಟಿನ ಹಣದಲ್ಲೇ, ಕೊರೆತಕ್ಕೆ ಮೊದಲು, ಆ ಕಾಡಿನ ಮರ, ಹುಲ್ಲು, ಪ್ರಾಣಿ, ಹಳ್ಳದ ನೀರು, ಅದನ್ನು ನಂಬಿದ ಜನ ಎಲ್ಲದರ ಸಮೀಕ್ಷೆ ಎರಡು ಮಳೆಗಾಲವಾದರೂ ನಡೆದು ಕನ್ನಡದಲ್ಲಿ ಪ್ರಕಟವಾಗಲಿ. ಎರಡೂ ವರದಿ ಮುಂದಿಟ್ಟುಕೊಂಡು ಆಮೇಲೆ ಹರಾಜಿನ ಮಾತು. ಇದರಿಂದ ಶೋಧ ತಡವಾಗುತ್ತದೆ ಎಂದರೆ, ಕುದುರೆಮುಖದ ಅದಿರು 1913ರಿಂದ 1980ರವರೆಗೆ ಕಾದಿತ್ತು, ಕೆಟ್ಟುಹೋಗಿರಲಿಲ್ಲ.

ಇದನ್ನು ಶುರುಮಾಡಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ ಚಿಂಚೋಳಿ, ಕೊಂಚಾವರಂ ಕಾಡಿದೆ. ಅದರಲ್ಲಿ 134.88 ಚದರ ಕಿಲೋಮೀಟರ್ 2011ರಲ್ಲಿ ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಅದನ್ನು ಕರೆಯುತ್ತಾರೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಇವೆ. ಚಂದ್ರಂಪಳ್ಳಿಯ ಕೆರೆ, ಎತ್ತಿಪೋತದ ಜಲಪಾತ, ಗೊಟ್ಟಂಗೊಟ್ಟದ ಗುಡಿ, ನಡುನಡುವೆ ಲಂಬಾಣಿ ತಾಂಡಾಗಳು. ಅತ್ತ ಹರಿಯುವ ಮುಲ್ಲಾಮಾರಿ ಕಾಗಿಣಾ ಸೇರುತ್ತದೆ, ಕಾಗಿಣಾ ಭೀಮೆಯನ್ನು ಸೇರುತ್ತದೆ. ಅತನೂರಿಗೆ ಆ ನೀರು ಬರುವುದಿಲ್ಲ, ಕೆಳಗಿನ ಊರುಗಳಿಗೆ ಬರುತ್ತದೆ. ಅದೇ ತಾಲೂಕಿನ ನೆಲದಲ್ಲಿ ಸುಣ್ಣದ ಕಲ್ಲಿದೆ, ಅದರ ಮೇಲೆ ಸಿಮೆಂಟು ಕಾರ್ಖಾನೆಯೂ ಇದೆ. ಧಾಮದ ಗೆರೆಯ ಒಳಗೆ ಸದ್ಯ ಕಾನೂನಿನ ರಕ್ಷಣೆ ಇದೆ. ಗೆರೆಯ ಹೊರಗೆ ಉಳಿದ ಕಾಡಿನ ಎಕರೆ ಎಕರೆಯ ಲೆಕ್ಕ ಬರೆಯಲು ಕಲಬುರಗಿಯ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹುಡುಗರು ಸಾಕು, ಜಿಲ್ಲಾ ಖನಿಜ ನಿಧಿಯಲ್ಲಿ ಒಂದು ಪಾಲು ಸಾಕು, ತಾಂಡಾದ ಹಿರಿಯರು ದಾರಿ ತೋರಿಸಿದರೆ ಸಾಕು. ಬೋರಿನ ಗಾಡಿ ಅತ್ತ ತಿರುಗುವ ಮೊದಲೇ ಈ ಕೆಲಸ ಆಗಬೇಕು.